ರೂಟರಿನ ಪಟ್ಟಿಯಲ್ಲೂ ಇಲ್ಲ, ಪಿಂಗ್‌ಗೂ ಉತ್ತರವಿಲ್ಲ: ಸಾಧನದ ಐಪಿ ವಿಳಾಸವನ್ನು ಪತ್ತೆ ಮಾಡುವುದು ಹೇಗೆ?

ಪ್ರಶ್ನೆ – ಪರದೆಯಿಲ್ಲದವ

ಎಲ್ಲರಿಗೂ ನಮಸ್ಕಾರ. ಪರದೆಯಾಗಲಿ ಕೀಲಿಮಣೆಯಾಗಲಿ ಇಲ್ಲದ, ಲಿನಕ್ಸ್ ಇರುವ ಸಣ್ಣ ಕಂಪ್ಯೂಟರೊಂದನ್ನು ಕಡತಗಳನ್ನು ಇಟ್ಟುಕೊಳ್ಳಲು ಬಳಸುತ್ತಿದ್ದೇನೆ. ಅದನ್ನು ಬೇರೊಬ್ಬರು ಸಿದ್ಧಪಡಿಸಿ, ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ಡ್ರೈವ್‌ನಂತೆ ಕಾಣುವ ಹಾಗೆ ಜೋಡಿಸಿ ಕೊಟ್ಟಿದ್ದರು. ಆ ಲ್ಯಾಪ್‌ಟಾಪ್ ಈಗಿಲ್ಲ. ಸಾಧನದ ಲಾಗಿನ್ ಹೆಸರು ಮತ್ತು ಪಾಸ್‌ವರ್ಡ್ ನನ್ನ ಬಳಿ ಇವೆ, ಆದರೆ ಅದರ ಐಪಿ ವಿಳಾಸ ಯಾವುದೆಂದು ಎಲ್ಲಿಯೂ ಬರೆದಿಟ್ಟಿಲ್ಲ.

ಸಾಧನವು ಕೇಬಲ್ ಮೂಲಕ ರೂಟರಿಗೆ ಸೇರಿದೆ ಮತ್ತು ಕೇಬಲ್ ಚುಚ್ಚಿದ ಜಾಗದ ದೀಪ ಮಿನುಗುತ್ತಿದೆ. ಅದೇ ರೂಟರಿಗೆ ಕೇಬಲ್‌ನಿಂದ ಸೇರಿರುವ ನನ್ನ ಈಗಿನ ಲ್ಯಾಪ್‌ಟಾಪಿಗೆ, ಅದರಲ್ಲೂ ಲಿನಕ್ಸ್ ಇದೆ, 192.168.1.23 ಎಂಬ ವಿಳಾಸ ದೊರೆತಿದೆ, ರೂಟರ್ 192.168.1.1 ರಲ್ಲಿದೆ. 1 ರಿಂದ 254 ರವರೆಗಿನ ಎಲ್ಲ ವಿಳಾಸಗಳಿಗೂ ಒಂದು ಸಣ್ಣ ಸ್ಕ್ರಿಪ್ಟ್ ಬರೆದು ಪಿಂಗ್, ಅಂದರೆ ಅಲ್ಲಿ ಸಾಧನ ಇದೆಯೇ ಎಂದು ಕೇಳುವ ಸಣ್ಣ ಸಂದೇಶ, ಕಳುಹಿಸಿದೆ. ಉತ್ತರಿಸಿದವುಗಳಲ್ಲಿ ಈ ಸಾಧನ ಇಲ್ಲ. ರೂಟರಿನ ನಿರ್ವಹಣಾ ಪುಟದಲ್ಲಿ ಸಂಪರ್ಕಿತ ಸಾಧನಗಳ ಪಟ್ಟಿಯನ್ನೂ ನೋಡಿದೆ, ಅಲ್ಲಿಯೂ ಇಲ್ಲ. ಸಾಧನದ ಹೆಸರಿನ ಕೊನೆಗೆ ಚುಕ್ಕಿ ಹಾಗೂ ಲೋಕಲ್ ಎಂದು ಸೇರಿಸಿ ಕರೆದರೂ ಪ್ರತಿಕ್ರಿಯೆ ಬರಲಿಲ್ಲ. ಇಷ್ಟಾದ ಮೇಲೆ ಸಾಧನವೇ ಕೆಟ್ಟಿದೆ ಎಂದು ತೀರ್ಮಾನಿಸಬಹುದೇ, ಅಥವಾ ಹುಡುಕಲು ಬೇರೆ ದಾರಿಗಳಿವೆಯೇ?

ಉತ್ತರ 1 – ಜಾಲಗಾರ

ಕೆಟ್ಟಿದೆ ಎಂದು ತೀರ್ಮಾನಿಸಲು ಇದು ಏನೇನೂ ಸಾಲದು. ನೀವು ಮಾಡಿದ ಮೂರು ಪರೀಕ್ಷೆಗಳಲ್ಲಿ ಪ್ರತಿಯೊಂದೂ ಬೇರೆ ಬೇರೆ ಪ್ರಶ್ನೆಯನ್ನು ಕೇಳುತ್ತದೆ. ಅವುಗಳಲ್ಲಿ ಒಂದೂ "ಈ ಕೇಬಲ್‌ನ ಇನ್ನೊಂದು ತುದಿಯಲ್ಲಿ ಯಾರಿದ್ದಾರೆ" ಎಂಬ ಪ್ರಶ್ನೆಯಲ್ಲ.

ರೂಟರಿನ ಪಟ್ಟಿ ಬಹುತೇಕ ಮಾದರಿಗಳಲ್ಲಿ ಡಿಎಚ್‌ಸಿಪಿ ಪಟ್ಟಿಯೇ ಆಗಿರುತ್ತದೆ. ಅಂದರೆ, ಯಾವ ಸಾಧನಗಳು ಜಾಲಕ್ಕೆ ಬಂದು "ನನಗೊಂದು ವಿಳಾಸ ಕೊಡಿ" ಎಂದು ರೂಟರನ್ನು ಕೇಳಿ ಪಡೆದುಕೊಂಡಿವೆಯೋ ಅವು ಮಾತ್ರ ಅಲ್ಲಿ ಕಾಣುತ್ತವೆ. ತನ್ನೊಳಗೇ ಸ್ಥಿರ ವಿಳಾಸ ಬರೆದುಕೊಂಡಿರುವ ಸಾಧನ ಯಾರನ್ನೂ ಕೇಳುವುದಿಲ್ಲವಾದ್ದರಿಂದ ಅದರ ಹೆಸರು ಆ ಪಟ್ಟಿಗೆ ಬರುವುದೇ ಇಲ್ಲ. ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು: ಕೇಬಲ್ ಕಿತ್ತು ಹೋದ ಸಾಧನ ಕೂಡ, ಪಡೆದ ವಿಳಾಸದ ಅವಧಿ ಮುಗಿಯುವ ತನಕ, ಪಟ್ಟಿಯಲ್ಲಿ ಉಳಿದುಕೊಂಡಿರಬಹುದು.

ಪಿಂಗ್‌ನ ವಿಷಯ ಇನ್ನೂ ಸರಳ. ಪಿಂಗ್‌ಗೆ ಉತ್ತರಿಸಲೇಬೇಕೆಂಬ ಒತ್ತಾಯ ಯಾವ ಸಾಧನಕ್ಕೂ ಇಲ್ಲ. ಫೈರ್‌ವಾಲ್ ಅದನ್ನು ಸದ್ದಿಲ್ಲದೆ ಬಿಸಾಡಬಹುದು, ವಿಂಡೋಸ್ ಕಂಪ್ಯೂಟರುಗಳಲ್ಲಿ ಇದು ಸಾಮಾನ್ಯ. ಆದರೆ ಒಂದೇ ಸ್ಥಳೀಯ ಜಾಲದಲ್ಲಿರುವ ಎರಡು ಸಾಧನಗಳ ನಡುವೆ ಪಿಂಗ್ ಹೊರಡುವ ಮೊದಲೇ ಇನ್ನೊಂದು ಮಾತುಕತೆ ನಡೆದಿರುತ್ತದೆ. ನಿಮ್ಮ ಲ್ಯಾಪ್‌ಟಾಪಿಗೆ ಐಪಿ ವಿಳಾಸ ಮಾತ್ರ ಗೊತ್ತಿದ್ದರೆ ಪ್ಯಾಕೆಟ್ಟನ್ನು ಕಳುಹಿಸಲು ಸಾಧ್ಯವಿಲ್ಲ. ಆ ವಿಳಾಸ ಯಾವ ಮ್ಯಾಕ್ ವಿಳಾಸದ್ದು, ಅಂದರೆ ಜಾಲದ ಯಂತ್ರಾಂಶಕ್ಕೆ ಕೊಟ್ಟಿರುವ ಯಾವ ಗುರುತಿನ ಸಂಖ್ಯೆಯದ್ದು, ಎಂಬುದು ತಿಳಿಯಬೇಕು. ಅದಕ್ಕಾಗಿ ಅದು "ಈ ಐಪಿ ವಿಳಾಸ ಯಾರದ್ದು?" ಎಂದು ಇಡೀ ಜಾಲಕ್ಕೆ ಕೇಳಿಸುವಂತೆ ಕೂಗುತ್ತದೆ. ಇದೇ ಎಆರ್‌ಪಿ, 1982 ರಿಂದ ಬಳಕೆಯಲ್ಲಿರುವ ನಿಯಮಾವಳಿ. ಪಿಂಗ್‌ಗೆ ಮೌನವಾಗಿರುವ ಸಾಧನವೂ ಇದಕ್ಕೆ ಉತ್ತರಿಸುತ್ತದೆ, ಏಕೆಂದರೆ ಉತ್ತರಿಸದಿದ್ದರೆ ಅದರೊಂದಿಗೆ ಯಾರೂ ಮಾತನಾಡಲು ಆಗುವುದೇ ಇಲ್ಲ.

ಆದ್ದರಿಂದ ನಿಮ್ಮ ಸ್ಕ್ರಿಪ್ಟನ್ನು ಮತ್ತೊಮ್ಮೆ ಓಡಿಸಿ, ಪಿಂಗ್ ಉತ್ತರಗಳನ್ನು ಕಡೆಗಣಿಸಿ, ಅದು ಮುಗಿದ ಕೂಡಲೇ, ಸಿಕ್ಕ ಉತ್ತರಗಳನ್ನು ಲ್ಯಾಪ್‌ಟಾಪ್ ಬರೆದಿಟ್ಟುಕೊಳ್ಳುವ ಎಆರ್‌ಪಿ ಕೋಷ್ಟಕವನ್ನು ನೋಡಿ. ಲಿನಕ್ಸಿನಲ್ಲಿ ಐಪಿ ಎಂಬ ಆಜ್ಞೆಗೆ ನೇಬರ್ ಎಂಬ ಪದ ಸೇರಿಸಿದರೆ ಈ ಕೋಷ್ಟಕ ದೊರೆಯುತ್ತದೆ. ವಿಂಡೋಸ್ ಮತ್ತು ಆ್ಯಪಲ್‌ನ ಮ್ಯಾಕ್ ಕಂಪ್ಯೂಟರುಗಳಲ್ಲಿ ಎಆರ್‌ಪಿ ಎಂಬ ಆಜ್ಞೆಗೆ ಅಡ್ಡಗೆರೆ ಹಾಗೂ ಎ ಅಕ್ಷರ ಸೇರಿಸಬೇಕು. ಮ್ಯಾಕ್ ವಿಳಾಸ ತುಂಬಿರುವ ಪ್ರತಿ ಸಾಲೂ ಒಂದು ನಿಜವಾದ ಸಾಧನ. ಲಿನಕ್ಸ್ ಕೆಲವು ಸಾಲುಗಳ ಕೊನೆಯಲ್ಲಿ ಸ್ಟೇಲ್ ಎಂದು ಬರೆಯುತ್ತದೆ. ಸಾಧನ ಹೋಗಿಬಿಟ್ಟಿದೆ ಎಂದು ಅದರ ಅರ್ಥವಲ್ಲ, ಇತ್ತೀಚೆಗೆ ಖಚಿತಪಡಿಸಿಕೊಂಡಿಲ್ಲ ಎಂದಷ್ಟೇ. ಫೇಲ್ಡ್ ಅಥವಾ ಇನ್‌ಕಂಪ್ಲೀಟ್ ಎಂದಿರುವ ಸಾಲುಗಳನ್ನು ಮಾತ್ರ ಬಿಟ್ಟುಬಿಡಿ.

ಇದೇ ಕೆಲಸವನ್ನು ಎನ್‌ಮ್ಯಾಪ್ ಅಥವಾ ಆರ್ಪ್-ಸ್ಕ್ಯಾನ್ ಎಂಬ ತಂತ್ರಾಂಶಗಳು ಅಚ್ಚುಕಟ್ಟಾಗಿ ಮಾಡುತ್ತವೆ. ಎನ್‌ಮ್ಯಾಪನ್ನು ಪೋರ್ಟ್‌ಗಳ (ಸೇವೆಗಳ ಬಾಗಿಲು ಸಂಖ್ಯೆಗಳ) ಪರೀಕ್ಷೆಯಿಲ್ಲದೆ ಸಾಧನಗಳನ್ನಷ್ಟೇ ಹುಡುಕುವಂತೆ ಓಡಿಸುವಾಗ ರೂಟ್ (ಪೂರ್ಣ ನಿರ್ವಾಹಕ) ಅಧಿಕಾರ ಕೊಡಿ. ಸಾಮಾನ್ಯ ಬಳಕೆದಾರರಾಗಿ ಓಡಿಸಿದರೆ ಅದಕ್ಕೆ ಎಆರ್‌ಪಿ ಪ್ಯಾಕೆಟ್ ಕಳುಹಿಸಲು ಅನುಮತಿ ಇರುವುದಿಲ್ಲ. ಆಗ 80 ಮತ್ತು 443 ನೇ ಪೋರ್ಟುಗಳನ್ನು ಮುಟ್ಟಿ ನೋಡುವುದಕ್ಕೆ ಅದು ಇಳಿಯುತ್ತದೆ ಮತ್ತು ಕೆಲವು ಸಾಧನಗಳು ತಪ್ಪಿಹೋಗುತ್ತವೆ. ರೂಟ್ ಅಧಿಕಾರವಿದ್ದಾಗ ಮಾತ್ರ ಫಲಿತಾಂಶದಲ್ಲಿ ಮ್ಯಾಕ್ ವಿಳಾಸಗಳು ಕಾಣುತ್ತವೆ, ಆದರೆ ಈ ವ್ಯತ್ಯಾಸ ಹಲವರ ಗಮನಕ್ಕೆ ಬರುವುದಿಲ್ಲ.

ಒಂದು ಮರುಪ್ರಶ್ನೆ: ಈ ಸಾಧನ ಕೊನೆಯ ಬಾರಿ ಕೆಲಸ ಮಾಡಿದ ಮೇಲೆ ರೂಟರನ್ನು ಬದಲಾಯಿಸಿದ್ದೀರಾ?

ಉತ್ತರ 2 – ಎರಡನೇ ಬಿಟ್

ಜಾಲಗಾರರು ಹೇಳಿದ್ದಕ್ಕೆ ಒಂದೆರಡು ಮಾತು ಸೇರಿಸುತ್ತೇನೆ, ಏಕೆಂದರೆ ಎಆರ್‌ಪಿ ಕೋಷ್ಟಕ ಕೈಗೆ ಬಂದ ಮೇಲೆ "ಇವುಗಳಲ್ಲಿ ನನ್ನದು ಯಾವುದು" ಎಂಬ ಪ್ರಶ್ನೆ ಉಳಿಯುತ್ತದೆ.

ಮ್ಯಾಕ್ ವಿಳಾಸದಲ್ಲಿ 48 ಬಿಟ್‌ಗಳಿವೆ. ಸಾಮಾನ್ಯವಾಗಿ ಮೊದಲ 24 ಬಿಟ್‌ಗಳು ತಯಾರಕರನ್ನು ಸೂಚಿಸುತ್ತವೆ. ಸಾಧನದ ಮೇಲೆ ಅಂಟಿಸಿರುವ ಚೀಟಿಯಲ್ಲಿ ಪೂರ್ತಿ ಮ್ಯಾಕ್ ವಿಳಾಸ ಇದ್ದರೆ ತಯಾರಕರ ಗೊಡವೆಯೇ ಬೇಡ, ನೇರವಾಗಿ ಹೋಲಿಸಿ ನೋಡಿ. ಆದರೆ ವೈಫೈ ಮತ್ತು ಕೇಬಲ್ ಎರಡೂ ಇರುವ ಸಾಧನಕ್ಕೆ ಎರಡು ಮ್ಯಾಕ್ ವಿಳಾಸಗಳಿರುತ್ತವೆ ಎಂಬುದನ್ನು ನೆನಪಿಡಿ. ಚೀಟಿಯಲ್ಲಿ ಅವುಗಳಲ್ಲಿ ಒಂದೇ ಇರಬಹುದು.

ಕೋಷ್ಟಕದಲ್ಲಿ ಯಾವ ತಯಾರಕರಿಗೂ ಹೊಂದದ ವಿಳಾಸಗಳು ಕಂಡರೆ ಗಾಬರಿಯಾಗಬೇಡಿ. ಆಂಡ್ರಾಯ್ಡ್ 10 ಮತ್ತು ಐಒಎಸ್ 14 ರಿಂದೀಚೆಗೆ ಫೋನುಗಳು ವೈಫೈ ಜಾಲಕ್ಕೆ ಸೇರುವಾಗ ತಾವೇ ಸೃಷ್ಟಿಸಿಕೊಂಡ ಮ್ಯಾಕ್ ವಿಳಾಸವನ್ನು ಬಳಸುತ್ತವೆ. ಅವುಗಳನ್ನು ಗುರುತಿಸುವುದು ಸುಲಭ: ವಿಳಾಸದ ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ತಯಾರಕರು ಕೊಟ್ಟದ್ದಲ್ಲ. ನಿಮ್ಮ ಸಾಧನ ಕೇಬಲ್‌ನಲ್ಲಿರುವುದರಿಂದ ಅಂಥ ಸಾಲುಗಳನ್ನು ಮೊದಲೇ ಬದಿಗಿಡಬಹುದು.

ಫೋನಿನಲ್ಲಿ ಸಿಗುವ ಜಾಲ ಶೋಧನೆಯ ಆ್ಯಪ್‌ಗಳನ್ನು ಈ ಕೆಲಸಕ್ಕೆ ನಾನು ಶಿಫಾರಸು ಮಾಡುವುದಿಲ್ಲ. ಫೋನುಗಳ ಹೊಸ ಆವೃತ್ತಿಗಳು ಆ್ಯಪ್‌ಗಳಿಗೆ ಎಆರ್‌ಪಿ ಕೋಷ್ಟಕವನ್ನು ಓದಲು ಬಿಡುವುದಿಲ್ಲ. ಐಫೋನಿನಲ್ಲಿ ಸ್ಥಳೀಯ ಜಾಲದ ಅನುಮತಿ ನಿರಾಕರಿಸಿದ್ದರೆ ಆ್ಯಪ್‌ಗೆ ಏನೂ ಕಾಣದು. ಇದಲ್ಲದೆ ಫೋನು ಅತಿಥಿಗಳಿಗೆಂದು ಪ್ರತ್ಯೇಕಿಸಿದ ವೈಫೈನಲ್ಲಿದ್ದರೆ ರೂಟರೇ ಸಾಧನಗಳು ಪರಸ್ಪರ ಕಾಣದಂತೆ ತಡೆಯುತ್ತದೆ.

ಪರದೆಯಿಲ್ಲದವ

ಇಬ್ಬರಿಗೂ ಧನ್ಯವಾದಗಳು. ಹೇಳಿದಂತೆ ಸ್ಕ್ರಿಪ್ಟನ್ನು ಓಡಿಸಿ ಕೋಷ್ಟಕವನ್ನು ನೋಡಿದೆ. ಪಿಂಗ್‌ಗೆ ಉತ್ತರಿಸದ ಎರಡು ಸಾಧನಗಳು ಹೊಸದಾಗಿ ಕಂಡವು. ಒಂದು ವಿಂಡೋಸ್ ಕಂಪ್ಯೂಟರ್, ಇನ್ನೊಂದು ಟಿವಿ. ನನ್ನ ಸಾಧನದ ಕೆಳಭಾಗದ ಚೀಟಿಯಲ್ಲಿರುವ ಮ್ಯಾಕ್ ವಿಳಾಸ ಮಾತ್ರ ಎಲ್ಲಿಯೂ ಇಲ್ಲ. ಎನ್‌ಮ್ಯಾಪನ್ನು ರೂಟ್ ಅಧಿಕಾರದಿಂದ ಓಡಿಸಿದರೂ ಅದೇ ಫಲಿತಾಂಶ ಬಂತು.

ರೂಟರಿನ ಪ್ರಶ್ನೆಗೆ ಉತ್ತರ: ಹೌದು, ಬದಲಾಗಿದೆ. ಹಳೆಯ ರೂಟರ್ ಯಾವ ವಿಳಾಸಗಳನ್ನು ಹಂಚುತ್ತಿತ್ತು ಎಂಬುದು ನನಗೆ ತಿಳಿದಿಲ್ಲ. ಇದರಿಂದ ವ್ಯತ್ಯಾಸವಾಗುತ್ತದೆಯೇ? ದೀಪ ಮಿನುಗುತ್ತಿರುವಾಗ ಎಆರ್‌ಪಿ ಕೂಡ ಏಕೆ ಕೈಕೊಟ್ಟಿತು ಎಂಬುದು ಅರ್ಥವಾಗುತ್ತಿಲ್ಲ.

ಉತ್ತರ 3 – ಪ್ಯಾಕೆಟ್ ಓದುಗ

ಎಲ್ಲ ವ್ಯತ್ಯಾಸವೂ ಅಲ್ಲಿಯೇ ಇದೆ. ಎಆರ್‌ಪಿ ಕೈಕೊಟ್ಟಿಲ್ಲ, ನೀವು ಕೇಳಿದ 254 ವಿಳಾಸಗಳಲ್ಲಿ ಯಾವುದೂ ಆ ಸಾಧನದ್ದಲ್ಲ, ಅಷ್ಟೇ. ಸಾಧನದಲ್ಲಿ ಹಳೆಯ ರೂಟರಿನ ಕಾಲದ ಸ್ಥಿರ ವಿಳಾಸ ಉಳಿದಿರುವ ಸಾಧ್ಯತೆಯೇ ಹೆಚ್ಚು. ಕಡತ ಸಂಗ್ರಹದ ಸಾಧನಕ್ಕೆ ಸ್ಥಿರ ವಿಳಾಸ ಬರೆದಿಡುವುದು ಸಾಮಾನ್ಯ ಪದ್ಧತಿ, ಮತ್ತು ರೂಟರಿನ ಪಟ್ಟಿಯಲ್ಲಿ ಅದು ಇಲ್ಲದಿರುವುದೂ ಇದಕ್ಕೇ ಹೊಂದುತ್ತದೆ. ಅದು ಡಿಎಚ್‌ಸಿಪಿ ಬಳಸುತ್ತಿದ್ದರೆ ಹೊಸ ರೂಟರಿನಿಂದ ವಿಳಾಸ ಪಡೆದು ಪಟ್ಟಿಯಲ್ಲಿ ಬಂದಿರುತ್ತಿತ್ತು. ಕೇಳಿಯೂ ವಿಳಾಸ ಸಿಗದಿದ್ದರೆ ಬಹುಶಃ 169.254 ರಿಂದ ಆರಂಭವಾಗುವ ವಿಳಾಸವನ್ನು ತಾನೇ ಇಟ್ಟುಕೊಂಡಿರುತ್ತಿತ್ತು.

ಹಾಗಾದರೆ ಯಾವ ವಿಳಾಸವನ್ನು ಹುಡುಕಬೇಕು? ಖಾಸಗಿ ಜಾಲಗಳಿಗೆಂದು ಮೀಸಲಿಟ್ಟ ವ್ಯಾಪ್ತಿಗಳು ಮೂರು: 10 ರಿಂದ ಆರಂಭವಾಗುವವು, 172.16 ರಿಂದ 172.31 ರವರೆಗಿನವು, ಮತ್ತು 192.168 ರಿಂದ ಆರಂಭವಾಗುವವು. ಮೂರನೆಯದರಲ್ಲೇ 65,536 ವಿಳಾಸಗಳಿವೆ, ಮೊದಲನೆಯದರಲ್ಲಿ 1,67,77,216. ಎಲ್ಲವನ್ನೂ ಒಂದೊಂದಾಗಿ ಕೇಳುತ್ತ ಹೋಗುವುದು ಅಸಾಧ್ಯವೇನಲ್ಲ, ಆದರೆ ಅವಿವೇಕ. ಮೇಲಾಗಿ ಕೆಲವು ಸಾಧನಗಳು ಕೇಳುವವರ ಐಪಿ ವಿಳಾಸ ತಮ್ಮದೇ ವ್ಯಾಪ್ತಿಯಲ್ಲಿ ಇಲ್ಲದಿದ್ದರೆ ಎಆರ್‌ಪಿ ಪ್ರಶ್ನೆಗೂ ಉತ್ತರಿಸುವುದಿಲ್ಲ.

ಆದ್ದರಿಂದ ಕೇಳುವುದನ್ನು ನಿಲ್ಲಿಸಿ, ಆಲಿಸಿ. ಜಾಲದಲ್ಲಿರುವ ಯಾವ ಕಂಪ್ಯೂಟರೂ ಹೆಚ್ಚು ಹೊತ್ತು ಸುಮ್ಮನಿರಲಾರದು. ಗಡಿಯಾರವನ್ನು ಸರಿಪಡಿಸಿಕೊಳ್ಳಲು, ಹೊಸ ಆವೃತ್ತಿಗಳನ್ನು ವಿಚಾರಿಸಲು ಅದು ಹೊರಗಿನ ಸರ್ವರುಗಳನ್ನು ತಲುಪಬೇಕು. ಅದಕ್ಕೆ ಗೇಟ್‌ವೇ, ಅಂದರೆ ಹೊರಜಾಲಕ್ಕೆ ದಾರಿ ಕೊಡುವ ರೂಟರ್, ಬೇಕು. ಗೇಟ್‌ವೇಯ ಮ್ಯಾಕ್ ವಿಳಾಸಕ್ಕಾಗಿ ಎಆರ್‌ಪಿ ಪ್ರಶ್ನೆ ಕಳುಹಿಸಲೇಬೇಕು. ಅದು ಹುಡುಕುತ್ತಿರುವ ಹಳೆಯ ಗೇಟ್‌ವೇ ಈಗ ಇಲ್ಲವಾದ್ದರಿಂದ ಉತ್ತರ ಬರುವುದಿಲ್ಲ, ಉತ್ತರ ಬಾರದಿರುವುದರಿಂದ ಅದು ಮತ್ತೆ ಮತ್ತೆ ಕೇಳುತ್ತದೆ. ಆ ಪ್ರತಿ ಪ್ರಶ್ನೆಯಲ್ಲೂ ಕೇಳುವವನ ಐಪಿ ವಿಳಾಸ ಬರೆದಿರುತ್ತದೆ. ನಿಮಗೆ ಬೇಕಾದದ್ದು ಅದೇ.

ಕೇಬಲ್‌ಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ ಇರುವ ಜಾಲದಲ್ಲಿ ಬೇರೆಯವರ ಪ್ಯಾಕೆಟ್‌ಗಳು ನಮ್ಮ ಕೇಬಲ್‌ಗೆ ಬರುವುದಿಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಒಬ್ಬರಿಂದ ಒಬ್ಬರಿಗೆ ಹೋಗುವ ಪ್ಯಾಕೆಟ್‌ಗಳ ಮಟ್ಟಿಗೆ ಆ ಮಾತು ಸರಿ. ಎಆರ್‌ಪಿ ಪ್ರಶ್ನೆಯಾದರೋ ಎಲ್ಲರಿಗೂ ಹೋಗುವಂಥದ್ದು. ಸ್ವಿಚ್ ಅದನ್ನು ಎಲ್ಲ ಕೇಬಲ್ ಕಿಂಡಿಗಳಿಗೂ ತಲುಪಿಸುತ್ತದೆ.

ಮಾಡಬೇಕಾದದ್ದು ಹೀಗೆ. ಲ್ಯಾಪ್‌ಟಾಪಿನಲ್ಲಿ ಜಾಲದ ಪ್ಯಾಕೆಟ್‌ಗಳನ್ನು ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ತೆರೆದು, ಕೇಬಲ್‌ನ ಇಂಟರ್‌ಫೇಸ್ (ಜಾಲಕ್ಕೆ ಸೇರುವ ಸಂಪರ್ಕದ್ವಾರ) ಆರಿಸಿ, ಸೋಸುವ ಜಾಗದಲ್ಲಿ ಎಆರ್‌ಪಿ ಎಂಬ ಮೂರಕ್ಷರವನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಇದೇ ಕೆಲಸಕ್ಕೆ ಟಿಸಿಪಿಡಂಪ್ ಆಜ್ಞೆಯನ್ನು ಬಳಸುವವರು ಮ್ಯಾಕ್ ವಿಳಾಸಗಳನ್ನೂ ತೋರಿಸುವ ಆಯ್ಕೆಯನ್ನು ಸೇರಿಸಿಕೊಳ್ಳಲಿ. ಈಗ ಸಾಧನದ ವಿದ್ಯುತ್ ತೆಗೆದು ಮತ್ತೆ ಕೊಡಿ, ಏಕೆಂದರೆ ಆರಂಭವಾಗುವ ಹೊತ್ತಿನಲ್ಲಿ ಅದು ಹೆಚ್ಚು ಮಾತಾಡುತ್ತದೆ. ವಿದ್ಯುತ್ ತೆಗೆಯುವುದು ಅಪಾಯವೆನಿಸುವಂಥ ಕಡತಗಳು ಅದರಲ್ಲಿದ್ದರೆ ಕೇಬಲ್ಲನ್ನಷ್ಟೇ ಕಿತ್ತು ಮತ್ತೆ ಚುಚ್ಚಿ ನೋಡಿ. ಅನೇಕ ವೇಳೆ ಅಷ್ಟೇ ಸಾಕು. ಬರುವ ಸಾಲುಗಳಲ್ಲಿ ಚೀಟಿಯ ಮ್ಯಾಕ್ ವಿಳಾಸದಿಂದ ಹೊರಟದ್ದನ್ನು ಹುಡುಕಿ.

ಇದು ನಿಮ್ಮದೇ ಜಾಲವೆಂದು ಭಾವಿಸಿ ಇಷ್ಟು ಬರೆದಿದ್ದೇನೆ. ಕಚೇರಿಯ ಜಾಲವಾಗಿದ್ದರೆ ಅದನ್ನು ನೋಡಿಕೊಳ್ಳುವವರಿಗೆ ತಿಳಿಸದೆ ಶೋಧನೆಯನ್ನಾಗಲಿ ಆಲಿಸುವುದನ್ನಾಗಲಿ ಮಾಡಬೇಡಿ.

ಉತ್ತರ 4 – ಹದಿನಾರು ಬೈಟು

ಆಲಿಸುವ ದಾರಿ ಸರಿಯಾದದ್ದೇ, ಆದರೆ ಇನ್ನೂ ಹತ್ತಿರದ ದಾರಿಯೊಂದಿದೆ. ಇಲ್ಲಿಯವರೆಗೆ ಮಾತಾಡಿದ ಐಪಿವಿ4 ರ ವಿಳಾಸ ಏನೇ ಆಗಿರಲಿ, ಐಪಿಯ ಹೊಸ ಆವೃತ್ತಿಯಾದ ಐಪಿವಿ6 ಚಾಲನೆಯಲ್ಲಿರುವ ಪ್ರತಿ ಇಂಟರ್‌ಫೇಸೂ ಎಫ್‌ಇ80 ರಿಂದ ಆರಂಭವಾಗುವ ಸ್ಥಳೀಯ ವಿಳಾಸವೊಂದನ್ನು ತಾನಾಗಿಯೇ ಇಟ್ಟುಕೊಳ್ಳುತ್ತದೆ. ಅದಕ್ಕೆ ರೂಟರಿನ ಒಪ್ಪಿಗೆಯೂ ಬೇಡ, ರೂಟರ್ ಬದಲಾದರೆ ಅದು ಬದಲಾಗುವುದೂ ಇಲ್ಲ. ಎಫ್‌ಎಫ್02::1 ಎಂಬುದು ಆ ಕೇಬಲ್ ಜಾಲದಲ್ಲಿರುವ ಎಲ್ಲರನ್ನೂ ಒಟ್ಟಿಗೆ ಕರೆಯುವ ವಿಳಾಸ. ಅದಕ್ಕೆ ನಿಮ್ಮ ಲ್ಯಾಪ್‌ಟಾಪಿನಿಂದ ಒಂದು ಪಿಂಗ್ ಕಳುಹಿಸಿದರೆ ಲಿನಕ್ಸ್ ಸಾಧನಗಳು ಸಾಮಾನ್ಯವಾಗಿ ಉತ್ತರಿಸುತ್ತವೆ. ಆಮೇಲೆ ಐಪಿವಿ6 ರ ನೇಬರ್ ಕೋಷ್ಟಕದಲ್ಲಿ ಚೀಟಿಯ ಮ್ಯಾಕ್ ವಿಳಾಸವನ್ನು ಹುಡುಕಿದರೆ ಪಕ್ಕದಲ್ಲೇ ಎಫ್‌ಇ80 ವಿಳಾಸ ಇರುತ್ತದೆ.

ಆ ವಿಳಾಸವನ್ನು ಬಳಸುವಾಗ ಕೊನೆಯಲ್ಲಿ ಶೇಕಡಾ ಚಿಹ್ನೆ ಹಾಕಿ ನಿಮ್ಮ ಲ್ಯಾಪ್‌ಟಾಪಿನ ಇಂಟರ್‌ಫೇಸ್ ಹೆಸರನ್ನು ಸೇರಿಸಬೇಕು, ಏಕೆಂದರೆ ಪ್ರತಿ ಇಂಟರ್‌ಫೇಸಿನ ಆಚೆಗೂ ಎಫ್‌ಇ80 ಜಾಲವೊಂದು ಇರುತ್ತದೆ ಮತ್ತು ಯಾವುದರ ಮೂಲಕ ಹೋಗಬೇಕೆಂದು ಕಂಪ್ಯೂಟರಿಗೆ ತಿಳಿಯದು. ದೂರದಿಂದಲೇ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಈ ರೂಪದಲ್ಲಿ ಕೆಲಸ ಮಾಡುತ್ತದೆ. ಬ್ರೌಸರುಗಳು ಸಾಮಾನ್ಯವಾಗಿ ಈ ರೂಪವನ್ನು ಒಪ್ಪುವುದಿಲ್ಲ. ನಿಮ್ಮ ಬಳಿ ಲಾಗಿನ್ ಹೆಸರು ಇರುವುದರಿಂದ ಒಳಗೆ ಹೋಗಿ ಐಪಿವಿ4 ರ ವಿಳಾಸವನ್ನು ಅಲ್ಲಿಂದಲೇ ಸರಿಪಡಿಸಬಹುದು.

ಪ್ಯಾಕೆಟ್ ಓದುಗ

ಲಿನಕ್ಸ್ ಸಾಧನಕ್ಕೆ ಇದು ಸೊಗಸಾದ ದಾರಿ ಎಂಬುದನ್ನು ಒಪ್ಪುತ್ತೇನೆ. ಆದರೆ ಪ್ರಿಂಟರು, ಕ್ಯಾಮೆರಾಗಳಂಥ ಸಾಧನಗಳಲ್ಲಿ ಐಪಿವಿ6 ಅನ್ನು ನಿಲ್ಲಿಸಿಟ್ಟಿರುವುದು ಅಪರೂಪವಲ್ಲ, ಮತ್ತು ಅವುಗಳಲ್ಲಿ ಎಸ್‌ಎಸ್‌ಎಚ್ ಇಲ್ಲದೆ ಬ್ರೌಸರೇ ಗತಿಯಾಗಿರುತ್ತದೆ. ಅಂಥವುಗಳಿಗೆ ಆಲಿಸುವುದೇ ಉಳಿದ ದಾರಿ. ಪ್ರಿಂಟರಿನಲ್ಲಾದರೆ ಜಾಲದ ವಿವರಗಳ ಹಾಳೆಯನ್ನು ಅದರ ಗುಂಡಿಗಳಿಂದಲೇ ಮುದ್ರಿಸಿಕೊಳ್ಳಬಹುದು, ಆ ಮಾತು ಬೇರೆ.

ಪರದೆಯಿಲ್ಲದವ

ಸಾಧನ ಸಿಕ್ಕಿತು. ಐಪಿವಿ6 ರ ದಾರಿಯನ್ನೇ ಮೊದಲು ಹಿಡಿದೆ. ಯಾವ ಎಫ್‌ಇ80 ವಿಳಾಸದ ಪಕ್ಕದಲ್ಲೂ ಚೀಟಿಯ ಮ್ಯಾಕ್ ವಿಳಾಸ ಕಾಣಲಿಲ್ಲ. ಅದನ್ನು ಸಿದ್ಧಪಡಿಸಿದವರು ಐಪಿವಿ6 ಅನ್ನು ನಿಲ್ಲಿಸಿರಬೇಕು. ಬಳಿಕ ವೈರ್‌ಶಾರ್ಕ್ ತೆರೆದು ಕೇಬಲ್ಲನ್ನು ಕಿತ್ತು ಚುಚ್ಚಿದೆ. ಸ್ವಲ್ಪ ಹೊತ್ತಿನಲ್ಲೇ ಚೀಟಿಯ ಮ್ಯಾಕ್ ವಿಳಾಸದಿಂದ ಸಾಲು ಸಾಲಾಗಿ ಒಂದೇ ಪ್ರಶ್ನೆ ಬರತೊಡಗಿತು: "192.168.0.1 ಯಾರಲ್ಲಿದೆ? 192.168.0.50 ಕ್ಕೆ ತಿಳಿಸಿ." ಅಂದರೆ ನನ್ನ ಸಾಧನದ ವಿಳಾಸ 192.168.0.50, ಹೊಸ ರೂಟರ್ ಹಂಚುವುದು 192.168.1 ರ ವಿಳಾಸಗಳನ್ನು.

ಈಗ ಅದನ್ನು ತಲುಪುವುದು ಹೇಗೆ? ಆ ವಿಳಾಸವನ್ನು ನೇರವಾಗಿ ಕರೆದರೆ ಉತ್ತರ ಬರುತ್ತಿಲ್ಲ. ತಲುಪಿದ ಮೇಲೆ ಮತ್ತೆ ಹೀಗಾಗದಂತೆ ಹೊಸ ವ್ಯಾಪ್ತಿಯಲ್ಲೊಂದು ಸ್ಥಿರ ವಿಳಾಸ ಬರೆದುಬಿಡಲೇ?

ಉತ್ತರ 5 – ಜಾಲಗಾರ

ನೇರವಾಗಿ ಕರೆದಾಗ ಬರದಿರುವುದು ಸಹಜ. 192.168.0.50 ನಿಮ್ಮ ಲ್ಯಾಪ್‌ಟಾಪಿನ ದೃಷ್ಟಿಯಲ್ಲಿ ಬೇರೆ ಜಾಲಕ್ಕೆ ಸೇರಿದ್ದು, ಹಾಗಾಗಿ ಅದು ಪಕ್ಕದಲ್ಲೇ ಇರುವ ಸಾಧನವನ್ನು ವಿಚಾರಿಸದೆ ಪ್ಯಾಕೆಟ್ಟನ್ನು ರೂಟರಿನ ಕೈಗೆ ಕೊಡುತ್ತದೆ. ಆ ವಿಳಾಸಕ್ಕೆ ಎಲ್ಲಿಂದ ಹೋಗಬೇಕೆಂಬುದು ರೂಟರಿಗೂ ತಿಳಿಯದು. ಪರಿಹಾರವೆಂದರೆ ಲ್ಯಾಪ್‌ಟಾಪಿನ ಅದೇ ಇಂಟರ್‌ಫೇಸಿಗೆ ಹಳೆಯ ವ್ಯಾಪ್ತಿಯ ಎರಡನೆಯ ವಿಳಾಸವೊಂದನ್ನು, 192.168.0.77 ಎನ್ನೋಣ, 24 ಬಿಟ್‌ಗಳ ಸಬ್‌ನೆಟ್ ಮಾಸ್ಕ್‌ನೊಂದಿಗೆ (ಅಂದರೆ ಮೊದಲ ಮೂರು ಸಂಖ್ಯೆಗಳು ಒಂದೇ ಆಗಿರುವ ವಿಳಾಸಗಳು ಒಂದೇ ಜಾಲದವು ಎಂಬ ಸೂಚನೆಯೊಂದಿಗೆ) ಸೇರಿಸುವುದು. ಲಿನಕ್ಸಿನಲ್ಲಿ ಐಪಿ ಆಜ್ಞೆಯ ಅಡ್ರೆಸ್ ಆ್ಯಡ್ ಇದಕ್ಕೆಂದೇ ಇದೆ. ಈಗಿರುವ ವಿಳಾಸ ಹಾಗೆಯೇ ಉಳಿಯುತ್ತದೆ, ಇಂಟರ್‌ನೆಟ್ ಸಂಪರ್ಕವೂ ಕಡಿಯುವುದಿಲ್ಲ. ಇದಾದ ಮೇಲೆ 192.168.0.50 ಕ್ಕೆ ಎಸ್‌ಎಸ್‌ಎಚ್ ಮಾಡಿ.

ಹೊಸ ಸ್ಥಿರ ವಿಳಾಸ ಬರೆಯುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ರೂಟರ್ ಹಂಚುವ ವ್ಯಾಪ್ತಿಯೊಳಗಿನ ವಿಳಾಸವನ್ನೇ ಬರೆದರೆ, ಅದೇ ವಿಳಾಸವನ್ನು ರೂಟರ್ ಮುಂದೊಂದು ದಿನ ಬೇರೊಂದು ಸಾಧನಕ್ಕೆ ಕೊಟ್ಟು ಎರಡೂ ತಿಕ್ಕಾಡುವ ಸಾಧ್ಯತೆ ಇದೆ. ಆ ತೊಂದರೆ ಬಂದು ಹೋಗುತ್ತಿರುವುದರಿಂದ ಅದರ ಮೂಲ ಹಿಡಿಯುವುದು ಈಗಿನ ಹುಡುಕಾಟಕ್ಕಿಂತ ಕಷ್ಟ. ವ್ಯಾಪ್ತಿಯ ಹೊರಗಿನದನ್ನು ಬರೆದರೂ ಮುಂದಿನ ಬಾರಿ ರೂಟರ್ ಬದಲಾದಾಗ ಮತ್ತೆ ಇಲ್ಲಿಗೇ ಬರುತ್ತೀರಿ. ಸಾಧನವನ್ನು ಡಿಎಚ್‌ಸಿಪಿಗೆ ಬದಲಾಯಿಸಿ, ರೂಟರಿನ ನಿರ್ವಹಣಾ ಪುಟದಲ್ಲಿ ಆ ಮ್ಯಾಕ್ ವಿಳಾಸಕ್ಕೆ ಯಾವಾಗಲೂ ಒಂದೇ ಐಪಿ ವಿಳಾಸ ಕೊಡುವಂತೆ ಕಾಯ್ದಿರಿಸಿ. ಬಹುತೇಕ ರೂಟರುಗಳಲ್ಲಿ ಇದಕ್ಕೆ ಅಡ್ರೆಸ್ ರಿಸರ್ವೇಶನ್ ಎಂದೋ ಸ್ಟ್ಯಾಟಿಕ್ ಲೀಸ್ ಎಂದೋ ಹೆಸರಿರುತ್ತದೆ. ಹೀಗೆ ಮಾಡಿದರೆ ಮುಂದೆ ರೂಟರ್ ಬದಲಾದರೂ ಸಾಧನ ಹೊಸದನ್ನು ಕೇಳಿ ವಿಳಾಸ ಪಡೆದುಕೊಳ್ಳುತ್ತದೆ ಮತ್ತು ಪಟ್ಟಿಯಲ್ಲಿ ಕಾಣುತ್ತದೆ.

ಕ್ರಮದ ಬಗ್ಗೆ ಎಚ್ಚರವಿರಲಿ: ಕಾಯ್ದಿರಿಸುವುದನ್ನು ಮೊದಲು ಮಾಡಿ, ಸಾಧನದ ಬದಲಾವಣೆಯನ್ನು ನಂತರ ಮಾಡಿ. ಸಾಧನದಲ್ಲಿ ಡಿಎಚ್‌ಸಿಪಿ ಚಾಲೂ ಆದ ಕ್ಷಣ ನಿಮ್ಮ ಎಸ್‌ಎಸ್‌ಎಚ್ ಸಂಪರ್ಕ ನಿಂತಂತಾಗುತ್ತದೆ, ಏಕೆಂದರೆ ಹಳೆಯ ವಿಳಾಸ ಆಗ ಯಾರದ್ದೂ ಅಲ್ಲ. ಆ ಕಿಟಕಿಯನ್ನು ಮುಚ್ಚಿ, ಕಾಯ್ದಿರಿಸಿದ ವಿಳಾಸಕ್ಕೆ ಹೊಸದಾಗಿ ಸಂಪರ್ಕಿಸಿ. ಅದು ಸರಿಯಾಗಿ ಉತ್ತರಿಸಿದ ಮೇಲೆ ಲ್ಯಾಪ್‌ಟಾಪಿಗೆ ಸೇರಿಸಿದ 192.168.0.77 ಅನ್ನು ತೆಗೆದುಹಾಕಿ. ಐಪಿ ಆಜ್ಞೆಯಿಂದ ಸೇರಿಸಿದ್ದಾದರೆ ಲ್ಯಾಪ್‌ಟಾಪನ್ನು ಮರುಚಾಲನೆ ಮಾಡಿದಾಗ ಅದು ತಾನಾಗಿಯೇ ಹೋಗುತ್ತದೆ.